ಅಭ್ಯಾಸದ ತೋಪು ಯುದ್ಧಕ್ಕೆ ಹೋದಾಗ

(ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ನಮ್ಮ ನೀರೆಂದರೆ ಬಾವಿ, ಕೆರೆ, ಕಾರಂಜಾ ನದಿ. ಹಾಗಿದ್ದೂ ಯುದ್ಧಹಡಗಿನ ತೋಪಿನ ವಿಷಯವನ್ನು ಇವತ್ತು ಎತ್ತಿಕೊಂಡಿದ್ದೇನೆ. ಬೀದರ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಮಲಗಿರುವ ಉದ್ದುದ್ದ ತೋಪುಗಳನ್ನು ನೋಡುತ್ತ ಬೆಳೆದವರು ನಾವು. ತೋಪು ನಮಗೆ ಹೊಸದಲ್ಲ. ಇನ್ನೊಂದು ಕಾರಣ ನಮ್ಮ ತಲೆಯ ಮೇಲೇ ಇದೆ. ಬೀದರಿನ ವಾಯುಪಡೆ ನೆಲೆಯಿಂದ ಎದ್ದ ವಿಮಾನಗಳ ಸದ್ದು ಕೇಳದ ಹೊಲ ಈ ಭಾಗದಲ್ಲಿ ಕಡಿಮೆ. ಆ ವಿಮಾನಗಳು ಕಲಿಸುವುದಕ್ಕಾಗಿ ಇರುವಂಥವು. ಕಲಿಸುವುದಕ್ಕೆಂದು ಮಾಡಿದ ಸಾಧನವೊಂದು ಯುದ್ಧಕ್ಕೆ ಹೋಗಬೇಕಾಗಿ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ ಹಾಗಾಗಿ ಬೇರೆ ಯಾವ ಜಿಲ್ಲೆಗಿಂತಲೂ ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ್ದು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಸಿಗುವ ಅತ್ಯಂತ ಉದ್ದದ ಇತಿಹಾಸ ಹಡಗುಗಳ ಸಣ್ಣ ತೋಪುಗಳದ್ದು.

ಮೊದಲು ದೊಡ್ಡ ತೋಪಿನಿಂದ ಶುರುಮಾಡೋಣ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರ ದೊಡ್ಡ ಯುದ್ಧನೌಕೆಗಳ ಮೇಲೆ 15 ಇಂಚು ಬಾಯಗಲದ ತೋಪು ಬಂದಿತ್ತು. ಅದರ ಒಂದು ಗುಂಡು ಸುಮಾರು 879 ಕೆ.ಜಿ. ತೂಗುತ್ತಿತ್ತು. ಅದನ್ನು ದೂಡಲು ಹಿಂದಿನಿಂದ ತುಂಬುತ್ತಿದ್ದ ಮದ್ದು ಸುಮಾರು 194 ಕೆ.ಜಿ. ಪ್ರತಿ ಸಲ ಹಾರಿಸಿದಾಗಲೂ ಆ ಮದ್ದಿನ ಬೆಂಕಿ ನಳಿಗೆಯ ಒಳಮೈಯನ್ನು ಸವೆಸುತ್ತದೆ. ಪೂರ್ತಿ ಮದ್ದು ಹಾಕಿ ಸುಮಾರು 335 ಸಲ ಹಾರಿಸುವಷ್ಟರಲ್ಲಿ ನಳಿಗೆಯ ಆಯುಷ್ಯ ಮುಗಿಯುತ್ತಿತ್ತು. ಆಮೇಲೆ ಗುಂಡು ಗುರಿ ತಪ್ಪತೊಡಗುತ್ತದೆ, ನಳಿಗೆಯನ್ನು ಇಳಿಸಿ ಕಾರ್ಖಾನೆಗೆ ಕಳಿಸಬೇಕು. ಲೆಕ್ಕ ಹಾಕಿ ನೋಡಿ. ಹತ್ತಾರು ಜನ ಸೇರಿ ನಡೆಸುವ ಆ ತೋಪಿನಲ್ಲಿ ಪ್ರತಿಯೊಬ್ಬನ ಕೈ ಪಳಗಬೇಕಾದರೆ ಸಾವಿರ ಸಲ ಅಭ್ಯಾಸ ಬೇಕು. ಸಾವಿರ ಸಲ ಅಭ್ಯಾಸ ಮಾಡಿದರೆ ಯುದ್ಧದ ದಿನ ತೋಪೇ ಉಳಿಯುವುದಿಲ್ಲ. ಅಭ್ಯಾಸ ಮಾಡದಿದ್ದರೆ ತೋಪು ಉಳಿಯುತ್ತದೆ, ಹೊಡೆಯಬಲ್ಲವರು ಇರುವುದಿಲ್ಲ.

ಈ ಬಿಕ್ಕಟ್ಟಿಗೆ ನೌಕಾಪಡೆಗಳು ಕಂಡುಕೊಂಡ ದಾರಿಯೇ ಸಬ್ ಕ್ಯಾಲಿಬರ್ ತೋಪು. ನಮ್ಮಲ್ಲಿ ಹೊಸ ಹೋರಿಗಳನ್ನು ಪಳಗಿಸುವಾಗ ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ನೊಗ ಕಟ್ಟಿ ಬರೀ ಮರದ ಕೊರಡು ಎಳೆಸುತ್ತೇವೆ. ನೊಗ ನಿಜದ್ದು, ಭಾರ ಮಾತ್ರ ಕಡಿಮೆ. ಹಡಗಿನಲ್ಲೂ ಅದೇ ಕ್ರಮ. ದೊಡ್ಡ ತೋಪಿನ ನಳಿಗೆಯೊಳಗೆ ಒಂದು ಪುಟ್ಟ ನಳಿಗೆಯನ್ನು ನಟ್ಟನಡುವೆ ಕೂರಿಸುತ್ತಿದ್ದರು, ಇಲ್ಲವೆ ದೊಡ್ಡ ನಳಿಗೆಯ ಮೇಲೆ ಅದಕ್ಕೆ ಸಮಾನಾಂತರವಾಗಿ ಪುಟ್ಟ ತೋಪೊಂದನ್ನು ಬಿಗಿಯುತ್ತಿದ್ದರು. ತೋಪಿನ ಗೋಪುರ ನಿಜದ್ದು, ತಿರುಗಿಸುವ ಚಕ್ರ ನಿಜದ್ದು, ಗುರಿ ನೋಡುವ ದುರ್ಬೀನು ನಿಜದ್ದು, ಕಾಲಡಿಯಲ್ಲಿ ಹೊಯ್ದಾಡುವ ಹಡಗೂ ನಿಜದ್ದು. ಹಾರುವುದು ಮಾತ್ರ ಒಂದೂವರೆ ಕೆ.ಜಿ.ಯ ಗುಂಡು. ಸಣ್ಣ ಗುಂಡು ದೊಡ್ಡದರಷ್ಟು ದೂರ ಹೋಗುವುದಿಲ್ಲವಾದ್ದರಿಂದ ದೂರದ ಅಳತೆಯನ್ನು ಬದಲಿಸಿಕೊಳ್ಳುವ ಪಟ್ಟಿ ಇರುತ್ತಿತ್ತು, ಗುರಿಯನ್ನೂ ಹತ್ತಿರ ತರುತ್ತಿದ್ದರು. ಉಳಿದ ಕೆಲಸವೆಲ್ಲ ಯುದ್ಧದ ದಿನ ಮಾಡುವಂಥದ್ದೇ.

ಈ ಪದ್ಧತಿ ಬೇರೂರಿದ ಕಾಲದ ದೊಡ್ಡ ಹೆಸರು ಪರ್ಸಿ ಸ್ಕಾಟ್. ಬ್ರಿಟಿಷ್ ನೌಕಾಪಡೆಯ ಅಧಿಕಾರಿ. 19ನೇ ಶತಮಾನದ ಕೊನೆ; ಹಡಗುಗಳ ತೋಪುಗಾರರು ಹಾರಿಸಿದ ಹತ್ತು ಗುಂಡಿನಲ್ಲಿ ಸುಮಾರು ಮೂರು ಗುರಿಗೆ ತಾಗಿದರೆ ಸಾಕೆಂದುಕೊಳ್ಳುವ ಕಾಲ ಅದು. ಸ್ಕಾಟ್ ತನ್ನ ಹಡಗು ಸಿಲ್ಲಾದ ಮೇಲೆ 1899ರ ಸ್ಪರ್ಧೆಯಲ್ಲಿ ನೂರಕ್ಕೆ ಎಂಬತ್ತು ಸಾಧಿಸಿ ತೋರಿಸಿದ. ಅವನ ಬಳಿ ಹೊಸ ತೋಪಿರಲಿಲ್ಲ, ಹೊಸ ಕಲಿಕೆಯಿತ್ತು. ಡಾಟರ್ ಎಂಬ ಯಂತ್ರವನ್ನು ಅವನು ಮಾಡಿದ: ತೋಪಿನ ಮುಂದೆ ಗುರಿಯ ಚಿತ್ರವಿರುವ ಕಾಗದವೊಂದು ಅಲೆಯ ಮೇಲಿನ ಹಡಗಿನ ಲಯದಲ್ಲಿ ಮೇಲೆ ಕೆಳಗೆ ಚಲಿಸುತ್ತದೆ; ತೋಪುಗಾರ ಕುದುರೆ ಎಳೆದಾಗ ಗುಂಡಿನ ಬದಲು ಪೆನ್ಸಿಲೊಂದು ಬಂದು ಚುಕ್ಕೆ ಇಡುತ್ತದೆ. ಚುಕ್ಕೆ ಎಲ್ಲಿ ಬಿತ್ತೋ ಅಲ್ಲಿ ಗುಂಡು ಬೀಳುತ್ತಿತ್ತು ಎಂದರ್ಥ. ಗುಂಡು ತುಂಬುವುದನ್ನು ಕಲಿಸಲು ಇನ್ನೊಂದು ಯಂತ್ರ. ಇವುಗಳ ಜೊತೆಗೆ ಪುಟ್ಟ ನಳಿಗೆ ಕೂರಿಸಿ ದಿನದಿನವೂ ಹಾರಿಸುವ ಅಭ್ಯಾಸ. ನನ್ನ ಮಟ್ಟಿಗೆ ಸ್ಕಾಟ್ ಆ ಶತಮಾನದ ದೊಡ್ಡ ಶಿಕ್ಷಕರಲ್ಲಿ ಒಬ್ಬ. ಕಲಿಯುವವನ ಕೈ ಎಲ್ಲಿ ತಪ್ಪುತ್ತದೆ ಎಂಬುದನ್ನು ಅವನಷ್ಟು ತಾಳ್ಮೆಯಿಂದ ಗಮನಿಸಿದ ಸೇನಾಧಿಕಾರಿಗಳು ಬಹಳ ಇಲ್ಲ.

ಅದೇ 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಯುದ್ಧ ಶುರುವಾಯಿತು. ಲೇಡಿಸ್ಮಿತ್ ಊರಿನಲ್ಲಿ ಸಿಕ್ಕಿಕೊಂಡ ಬ್ರಿಟಿಷ್ ಸೇನೆಯ ಬಳಿ ಬೋಯರರ ದೂರದ ತೋಪುಗಳಿಗೆ ಎದುರಾಗಿ ನಿಲ್ಲಬಲ್ಲ ತೋಪಿರಲಿಲ್ಲ. ಸ್ಕಾಟ್ ಆಗ ಟೆರಿಬಲ್ ಎಂಬ ಹಡಗಿನ ಕ್ಯಾಪ್ಟನ್ ಆಗಿ ಕೇಪಿಗೆ ಬಂದಿದ್ದ. ಹಡಗಿನ 4.7 ಇಂಚಿನ ತೋಪಿಗೆ ಮರದ ದಿಮ್ಮಿಗಳ ಕಟ್ಟೆಯನ್ನೂ 12 ಪೌಂಡಿನ ಗುಂಡು ಹಾರಿಸುವ ತೋಪಿಗೆ ಗಾಲಿಗಳನ್ನೂ ತುರ್ತಾಗಿ ಹೊಂದಿಸಿಕೊಟ್ಟ. ಪವರ್‌ಫುಲ್ ಹಡಗಿನ ನಾವಿಕರು ಅವುಗಳೊಂದಿಗೆ 1899ರ ಅಕ್ಟೋಬರ್ 30ರಂದು ಲೇಡಿಸ್ಮಿತ್ ತಲುಪಿದರು.  ಒಂದು ಕೆಲಸಕ್ಕೆಂದು ಮಾಡಿದ ತೋಪನ್ನು ಇನ್ನೊಂದಕ್ಕೆ ಒಗ್ಗಿಸುವುದು ಎಷ್ಟು ಬೇಗ ಸಾಧ್ಯ ಎಂಬುದನ್ನು ಆ ದಿನಗಳು ತೋರಿಸಿದವು.

ಇನ್ನು ಸಣ್ಣ ತೋಪಿನ ಹುಟ್ಟು. ಇದರಲ್ಲೊಂದು ಕುತೂಹಲದ ಸಂಗತಿಯಿದೆ, ಮಕ್ಕಳು ಗಮನಿಸಬೇಕು. 1868ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹಲವು ದೇಶಗಳು ಸೇರಿ ಒಂದು ಘೋಷಣೆಗೆ ಸಹಿ ಹಾಕಿದವು: 400 ಗ್ರಾಮಿಗಿಂತ ಕಡಿಮೆ ತೂಕದ ಸಿಡಿಯುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು. ಒಬ್ಬ ಸಿಪಾಯಿಯ ಮೈಯೊಳಗೆ ಹೊಕ್ಕು ಸಿಡಿಯುವ ಗುಂಡು ಅನಗತ್ಯ ಕ್ರೌರ್ಯ ಎಂಬುದು ಅದರ ಕಾರಣ. ಆ ಮಿತಿಗಿಂತ ಸ್ವಲ್ಪ ಮೇಲೆ, ಅರ್ಧ ಕೆ.ಜಿ.ಯ ಆಸುಪಾಸಿನಲ್ಲಿ, ಸಿಡಿಗುಂಡು ಹಾರಿಸುವ ಅತಿ ಚಿಕ್ಕ ತೋಪು ಮಾಡಿದರೆ ಅದರ ಬಾಯಗಲ 37 ಮಿ.ಮೀ. ಬರುತ್ತದೆ. ಫ್ರಾನ್ಸಿನಲ್ಲಿ ಕಾರ್ಖಾನೆ ಹಾಕಿದ್ದ ಅಮೆರಿಕದ ಬೆಂಜಮಿನ್ ಹಾಚ್‌ಕಿಸ್ ಈ ಅಳತೆಯಲ್ಲಿ ತೋಪು ಮಾಡಿದ. ಮುಂದೆ ಅವನ ಕಂಪನಿ 47 ಮಿ.ಮೀ.ನ 3 ಪೌಂಡಿನ ತೋಪನ್ನೂ 57 ಮಿ.ಮೀ.ನ 6 ಪೌಂಡಿನ ತೋಪನ್ನೂ ಮಾಡಿತು. 1880ರ ದಶಕದಲ್ಲಿ ಬ್ರಿಟನ್ ಸೇರಿ ಅನೇಕ ದೇಶಗಳು ಇವನ್ನು ಕೊಂಡವು. ಆಗ ಟಾರ್ಪಿಡೊ ದೋಣಿಗಳ ಭಯ ಹೊಸದು. ಪುಟ್ಟ, ವೇಗದ ದೋಣಿಯೊಂದು ಕತ್ತಲಲ್ಲಿ ನುಗ್ಗಿ ಬಂದು ದೊಡ್ಡ ಹಡಗನ್ನು ಮುಳುಗಿಸಬಲ್ಲದು; ದೊಡ್ಡ ತೋಪು ಅದರತ್ತ ತಿರುಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೆ ಕೈಯಿಂದಲೇ ತಿರುಗಿಸಿ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಗುಂಡು ಹಾರಿಸಬಲ್ಲ ಹಾಚ್‌ಕಿಸ್ ಬೇಕಾಯಿತು. ಹಿಂಬದಿಯ ಮುಚ್ಚಳ ಮೇಲಿಂದ ಕೆಳಕ್ಕೆ ಜಾರಿ ತೆರೆಯುತ್ತದೆ, ಗುಂಡೂ ಮದ್ದೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿರುತ್ತವೆ, ತಳ್ಳು, ಮುಚ್ಚು, ಹಾರಿಸು. ಕೆಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಟಾರ್ಪಿಡೊ ದೋಣಿಗಳು ದೊಡ್ಡವಾದವು, ಟಾರ್ಪಿಡೊ ದೂರದಿಂದಲೇ ಬರತೊಡಗಿತು. ಒಂದೂವರೆ ಕೆ.ಜಿ.ಯ ಗುಂಡಿಗೆ ಅವನ್ನು ತಡೆಯುವ ಶಕ್ತಿ ಇರಲಿಲ್ಲ. ತೋಪುಗಳು ಮಾತ್ರ ಸಾವಿರಗಟ್ಟಲೆ ಉಳಿದಿದ್ದವು, ಒಳ್ಳೆಯ ಸ್ಥಿತಿಯಲ್ಲಿದ್ದವು. ಅವುಗಳಿಗೆ ಎರಡು ಕೆಲಸ ಸಿಕ್ಕಿತು: ಗೌರವಸಲಾಮಿಗೆ ಬರೀ ಮದ್ದು ಹಾರಿಸುವುದು, ದೊಡ್ಡ ತೋಪಿನ ಬೆನ್ನೇರಿ ಹುಡುಗರಿಗೆ ಗುರಿ ಕಲಿಸುವುದು. ಯುದ್ಧದ ತೋಪು ಹೀಗೆ ಶಾಲೆಯ ತೋಪಾಯಿತು. ಮತ್ತೆ ಯುದ್ಧ ಬಂದಾಗ ಅದನ್ನು ಶಾಲೆಯಿಂದ ಕರೆದೊಯ್ದರು. ನಾನು ಹೇಳಬೇಕೆಂದಿರುವ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ.

1914ರಲ್ಲಿ ಯುದ್ಧ ಬಂತು. ಆ ಸೆಪ್ಟೆಂಬರ್ 22ರ ರಾತ್ರಿ ಜರ್ಮನರ ಎಂಡೆನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದಕ್ಕಿಂತ ದೊಡ್ಡ ಹೊಡೆತ ಜಲಾಂತರ್ಗಾಮಿಗಳದ್ದು. ಸರಕು ಹಡಗುಗಳಿಗೆ ತೋಪು ಬೇಕಾಯಿತು, ಮೀನು ಹಿಡಿಯುವ ಟ್ರಾಲರುಗಳಿಗೆ ಬೇಕಾಯಿತು, ಬಂದರಿನ ಗಸ್ತು ದೋಣಿಗಳಿಗೆ ಬೇಕಾಯಿತು. ಹೊಸ ತೋಪು ಮಾಡುವ ಕಾರ್ಖಾನೆಗಳು ಸೇನೆಯ ಬೇಡಿಕೆಯನ್ನೇ ಪೂರೈಸಲಾರದೆ ಕೂತಿದ್ದವು. ಅಭ್ಯಾಸಕ್ಕೂ ಸಲಾಮಿಗೂ ಇದ್ದ ಹಾಚ್‌ಕಿಸ್‌ಗಳನ್ನು ಇಳಿಸಿ, ಹೊಸ ಪೀಠದ ಮೇಲೆ ಕೂರಿಸಿ ಈ ಹಡಗುಗಳಿಗೆ ಕಳಿಸಿದರು.

ಇಷ್ಟು ಚಿಕ್ಕ ತೋಪು ಜಲಾಂತರ್ಗಾಮಿಯನ್ನು ಏನು ಮಾಡೀತು ಎಂದು ಕೇಳಬಹುದು. ಅಂದಿನ ಜಲಾಂತರ್ಗಾಮಿಯಲ್ಲಿ ಇದ್ದದ್ದು ಕೆಲವೇ ಟಾರ್ಪಿಡೊ. ಅವನ್ನು ಸಣ್ಣ ಹಡಗಿನ ಮೇಲೆ ಖರ್ಚುಮಾಡಲು ಅದರ ಕ್ಯಾಪ್ಟನ್ ಒಪ್ಪುತ್ತಿರಲಿಲ್ಲ. ಮೇಲೆದ್ದು ಬಂದು ತನ್ನ ಡೆಕ್ಕಿನ ತೋಪಿನಿಂದಲೇ ಸರಕು ಹಡಗನ್ನು ಮುಳುಗಿಸುವುದು ಅವನ ರೂಢಿ. ಎದುರಿಗಿರುವ ಹಡಗಿನಲ್ಲಿ ಎಂಥದೋ ಒಂದು ತೋಪಿದೆ ಎಂದಾದರೆ ಆ ಲೆಕ್ಕ ಬದಲಾಗುತ್ತದೆ. ಜಲಾಂತರ್ಗಾಮಿಯ ಮೈ ತೆಳು, 47 ಮಿ.ಮೀ.ನ ಒಂದು ತೂತು ಬಿದ್ದರೂ ಅದು ಮತ್ತೆ ಮುಳುಗಿ ಅಡಗಲಾರದು. ಹಾಗಾಗಿ ಅದು ನೀರೊಳಗೆ ಹೋಗಲೇಬೇಕು. ನೀರೊಳಗೆ ಅದರ ವೇಗ ತೀರಾ ಕಡಿಮೆ. ಸರಕು ಹಡಗು ಓಡಿ ಪಾರಾಗಲು ಅಷ್ಟು ಸಮಯ ಸಾಕು. ಸಣ್ಣ ತೋಪು ಶತ್ರುವನ್ನು ಕೊಲ್ಲದೆಯೂ ಹಡಗನ್ನು ಉಳಿಸಬಲ್ಲದಾಗಿತ್ತು.

ಆಕಾಶದ ಕಡೆ ಅದು ಸೋತಿತು. 1915ರ ಮೇ 31ರಂದು ಜರ್ಮನರ ಜೆಪ್ಪೆಲಿನ್ ವಾಯುನೌಕೆ ಲಂಡನ್ನಿನ ಮೇಲೆ ಮೊದಲ ಸಲ ಬಾಂಬು ಹಾಕಿತು. ಊರ ರಕ್ಷಣೆಗೆಂದು ಅಲ್ಲಲ್ಲಿ ಇಟ್ಟಿದ್ದದ್ದು ಪಾಮ್-ಪಾಮ್ ಎಂಬ 1 ಪೌಂಡಿನ ತೋಪುಗಳು ಮತ್ತು ಬಾಯಿ ಮೇಲೆತ್ತಿ ಕೂರಿಸಿದ ಹಾಚ್‌ಕಿಸ್‌ಗಳು. ಗುಂಡು ಅಷ್ಟು ಎತ್ತರ ಹೋಗುತ್ತಿರಲಿಲ್ಲ, ಹೋದರೂ ಗಾಳಿಯಲ್ಲಿ ಸಿಡಿಯುತ್ತಿರಲಿಲ್ಲ, ಕೊನೆಗೆ ಊರಿನ ಮೇಲೇ ಬೀಳುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ನಿವೃತ್ತನಾಗಿದ್ದ ಪರ್ಸಿ ಸ್ಕಾಟನನ್ನೇ ಕರೆದು ಲಂಡನ್ನಿನ ತೋಪುಗಳ ಹೊಣೆ ಕೊಟ್ಟರು. ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು, ಪ್ಯಾರಿಸ್ಸಿಗೆ ಮನುಷ್ಯನನ್ನು ಕಳಿಸಿ ಮೋಟಾರಿನ ಮೇಲೆ ಕೂರಿಸಿದ ಫ್ರೆಂಚರ 75 ಮಿ.ಮೀ. ತೋಪನ್ನು ತರಿಸಿದ್ದು. ಅಭ್ಯಾಸದ ಸಾಧನಗಳನ್ನು ಅಷ್ಟು ಪ್ರೀತಿಸಿದವನೇ ಅವುಗಳ ಮಿತಿಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹೇಳಿದ. ಈ ವಿಷಯದಲ್ಲಿ ಅವನ ಬಗ್ಗೆ ನನಗೆ ವಿಶೇಷ ಗೌರವವಿದೆ.

ನೆಲದ ಮೇಲೂ ಈ ತೋಪುಗಳು ಓಡಾಡಿದವು. 1904ರಲ್ಲಿ ಜಪಾನಿಯರು ಪೋರ್ಟ್ ಆರ್ಥರನ್ನು ಮುತ್ತಿದಾಗ ರಷ್ಯಾದ ಲಿಯೊನಿದ್ ಗೊಬ್ಯಾತೊ ಮತ್ತು ಸಂಗಡಿಗರು ಹಡಗುಗಳ 47 ಮಿ.ಮೀ. ತೋಪನ್ನು ಗಾಲಿಯ ಮೇಲೆ ಇಟ್ಟು, ಅದರ ಬಾಯಿಗೆ ಕೋಲು ಸಿಕ್ಕಿಸಿದ ದೊಡ್ಡ ಬಾಂಬನ್ನು ಇಟ್ಟು, ಮೇಲಕ್ಕೆತ್ತಿ ಕಂದಕಗಳಿಗೆ ಹಾರಿಸಿದರು. ಇಂದಿನ ಮಾರ್ಟರಿನ ವಂಶಾವಳಿಯಲ್ಲಿ ಅದಕ್ಕೊಂದು ಸ್ಥಾನವಿದೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೇರ್ ಎಂಬಲ್ಲಿ ಜಗತ್ತಿನ ಮೊದಲ ಟ್ಯಾಂಕುಗಳು ಯುದ್ಧಕ್ಕಿಳಿದಾಗ ಅವುಗಳಲ್ಲಿ ತೋಪು ಹೊತ್ತವುಗಳ ಎರಡೂ ಪಕ್ಕೆಯಲ್ಲಿದ್ದದ್ದು ನೌಕಾಪಡೆಯ 6 ಪೌಂಡಿನ ಹಾಚ್‌ಕಿಸ್. ಉದ್ದ ನಳಿಗೆ ಗಿಡ, ಗೋಡೆ, ಕೆಸರಿಗೆ ತಗಲುತ್ತಿತ್ತು. ಮರುವರ್ಷದ ಟ್ಯಾಂಕಿಗೆ ಅದನ್ನು ಮೋಟುಮಾಡಿ ಕೂರಿಸಿದರು.

ಯುದ್ಧ ಮುಗಿದ ಮೇಲೆ ತೋಪುಗಳು ಮತ್ತೆ ಶಾಲೆಗೆ ಮರಳಿದವು. ಇದೊಂದು ವಿಚಿತ್ರ ಹೋಗಿಬರುವಿಕೆ. ಅಮೆರಿಕದವರು ಕಾಲಾಳುಗಳಿಗೆಂದು ಕೊಂಡಿದ್ದ ಫ್ರೆಂಚರ 37 ಮಿ.ಮೀ. ತೋಪು ಕೂಡ ದೊಡ್ಡ ಫಿರಂಗಿಗಳ ಮೇಲೇರಿ ಅಭ್ಯಾಸದ ತೋಪಾಯಿತು. ಇಪ್ಪತ್ತು ವರ್ಷ ಹೀಗೇ ನಡೆಯಿತು.

1940ರ ಬೇಸಿಗೆಯಲ್ಲಿ ಡನ್‌ಕರ್ಕಿನ ದಡದಲ್ಲಿ ಅಲ್ಲಿಗೆ ಒಯ್ದಿದ್ದ ತೋಪುಗಳಲ್ಲಿ ಬಹುಪಾಲನ್ನು ಬಿಟ್ಟು ಬಂದ ಬ್ರಿಟನ್, ಹಡಗುಕಟ್ಟೆಗಳ ಉಗ್ರಾಣಗಳನ್ನು ಕೆದಕಿ ಹಳೆಯ ತೋಪುಗಳನ್ನು ಹೊರತೆಗೆಯಿತು. 3 ಪೌಂಡಿನ ಹಾಚ್‌ಕಿಸ್‌ಗೆ ಆಗ ಅರ್ಧ ಶತಮಾನ ದಾಟಿತ್ತು. ಅದು ಮತ್ತೆ ಸರಕು ಹಡಗುಗಳಿಗೂ ದಡದ ತುರ್ತು ಕಾವಲಿಗೂ ಸಿಂಗಪುರದ ಸುತ್ತಿನ ಸಣ್ಣ ನಾವೆಗಳಿಗೂ ಹೋಯಿತು. ಹೊಸದಾಗಿ ಕಟ್ಟಿದ ಮೋಟಾರ್ ಲಾಂಚುಗಳಿಗೂ ಬಂತು. ಫೇರ್‌ಮೈಲ್ ಬಿ ಎಂಬ ಮಾದರಿಯ ಲಾಂಚು 34 ಮೀಟರ್ ಉದ್ದ, ಮರದ ಮೈ, ಪೆಟ್ರೋಲ್ ಎಂಜಿನ್. ಮೊದಮೊದಲು ಬಂದವುಗಳ ಮುಖ್ಯ ಆಯುಧ 3 ಪೌಂಡಿನ ಹಾಚ್‌ಕಿಸ್. ಬಂದರು ಕಾಯುವ ಇನ್ನೂ ಚಿಕ್ಕ ಲಾಂಚು, 22 ಮೀಟರಿನದು, ಅದರಲ್ಲೂ ಅನೇಕವುಗಳಿಗೆ ಇದೇ ತೋಪು.

ಈ ಎರಡೂ ಮಾದರಿ ನಮ್ಮ ರಾಯಲ್ ಇಂಡಿಯನ್ ನೇವಿಗೆ ಬಂದವು. ನಮ್ಮ ನಾವಿಕರು ಅವನ್ನು ತೆಗೆದುಕೊಂಡು ಬರ್ಮಾದ ಅರಕಾನ್ ಕರಾವಳಿಗೆ ಹೋದರು. ಅರಕಾನ್ ಎಂದರೆ ಸಮುದ್ರ, ಕೆಸರು, ಕಾಂಡ್ಲಾ ಕಾಡು ಒಂದರೊಳಗೊಂದು ಹೊಕ್ಕಿರುವ ನಾಡು. ಚೌಂಗ್ ಎಂದು ಅಲ್ಲಿಯವರು ಕರೆಯುವ ಹಿನ್ನೀರಿನ ಕಾಲುವೆಗಳೇ ದಾರಿ. ಜಪಾನಿಯರು ರಾತ್ರಿ ಹೊತ್ತು ಸಾಂಪಾನ್ ದೋಣಿಗಳಲ್ಲಿ ಅಕ್ಕಿ, ಮದ್ದುಗುಂಡು ಸಾಗಿಸುತ್ತಿದ್ದರು. ದೊಡ್ಡ ಹಡಗು ಅಲ್ಲಿಗೆ ಹೋಗಲಾರದು. ಒಂದೂವರೆ ಮೀಟರ್ ನೀರಿದ್ದರೆ ತೇಲುವ ಲಾಂಚು ಹೋಗಬಲ್ಲದು. ಎದುರು ದಡ ನೂರಿನ್ನೂರು ಮೀಟರ್ ದೂರದಲ್ಲಿರುವಾಗ ತೋಪಿನ ಬಾಯಗಲ ಮುಖ್ಯವಾಗುವುದಿಲ್ಲ. ಯಾರು ಮೊದಲು ಗುರಿ ಹಿಡಿಯುತ್ತಾರೆ ಎಂಬುದು ಮುಖ್ಯ. ಅದನ್ನೇ ಕಲಿಸಲು ಈ ತೋಪು ನಲವತ್ತು ವರ್ಷ ದುಡಿದಿತ್ತು. ಆದರೆ ಒಂದನ್ನು ಮರೆಯಬಾರದು. ಮರದ ಹಡಗಿನಲ್ಲಿ, ಪೆಟ್ರೋಲ್ ತೊಟ್ಟಿಯ ಮೇಲೆ, ತಮ್ಮ ಅಪ್ಪಂದಿರು ಹುಟ್ಟುವ ಮುಂಚಿನ ಮಾದರಿಯ ತೋಪಿನ ಹಿಂದೆ ನಿಂತಿದ್ದವರು ಇಪ್ಪತ್ತರ ಆಸುಪಾಸಿನ ಹುಡುಗರು. ಅವರಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಬೇಕಾಗಿತ್ತು. ಆಳುವವರ ಪಟ್ಟಿಯಲ್ಲಿ ಭಾರತದ ನೌಕಾಪಡೆ ಕೊನೆಯ ಸಾಲಿನಲ್ಲಿತ್ತು.

1945ರ ಜನವರಿಯಲ್ಲಿ ಅರಕಾನಿನ ಹೋರಾಟ ತುದಿ ಮುಟ್ಟಿತು. 12ರಂದು ಮ್ಯೆಬೊನ್, 22ರಂದು ಕಾಂಗಾವ್. ಲಾಂಚುಗಳೂ ನರ್ಬದಾ, ಜಮ್ನಾ ಎಂಬ ಭಾರತೀಯ ನೌಕೆಗಳೂ ಕಾಲುವೆಗಳ ಬಾಯಿಂದ ಒಳನುಗ್ಗಿ ದಡಕ್ಕೆ ಇಳಿಯುವ ಸೈನಿಕರಿಗೆ ಬೆಂಬಲವಾಗಿ ನಿಂತವು. ಕಾಂಗಾವ್‌ನಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರೂ ಪಲ್ಟಣಗಳ ನಾಯಕರು ಭಾರತೀಯರು: ಎಲ್.ಪಿ. ಸೇನ್, ಎಸ್.ಪಿ.ಪಿ. ಥೋರಾಟ್, ಮತ್ತು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ ಇವರೇ. ಕಾಂಗಾವ್‌ಗಾಗಿ ಅವರಿಗೆ ಡಿಎಸ್‌ಒ ಪದಕ ಬಂತು. ಅವರು ನಡೆಸಿದ ಪಲ್ಟಣದ ಹೆಸರು ಕೇಳಿದರೆ ಇಲ್ಲಿಯ ಹಿರಿಯರ ಕಿವಿ ನಿಮಿರಬೇಕು: 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಪಲ್ಟಣ. ನಿಜಾಮರ ಹೈದರಾಬಾದ್ ಕಂಟಿಂಜೆಂಟಿನಿಂದ ಇಳಿದು ಬಂದ ರೆಜಿಮೆಂಟು ಅದು. ಆ ವೇಳೆಗೆ ಅದರಲ್ಲಿ ಇದ್ದವರು ಕುಮಾವೂಂ ಮತ್ತು ಉತ್ತರದ ಇತರ ಕಡೆಯವರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಬಂತು. ಬೀದರ ಜಿಲ್ಲೆ ಅಂದು ಸೇರಿದ್ದ ಸಂಸ್ಥಾನದ ಹೆಸರು ಕಾಂಗಾವ್‌ನ ಗುಡ್ಡದ ತನಕ ಹೋಗಿತ್ತು, ಕೊಡಗಿನವರೊಬ್ಬರ ನಾಯಕತ್ವದಲ್ಲಿ. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಹನ್ನೊಂದು ವರ್ಷ ಬಾಕಿಯಿತ್ತು.

ಸಣ್ಣ ತೋಪು ಎಂದಾಗ ರಾಯಲ್ ಇಂಡಿಯನ್ ನೇವಿಯ ಬೆಂಗಾಲ್ ಹಡಗನ್ನು ನೆನೆಯದೆ ಮುಂದೆ ಹೋಗಲಾರೆ. ಆಸ್ಟ್ರೇಲಿಯಾದಲ್ಲಿ ಕಟ್ಟಿಸಿ, ಆಗಷ್ಟೆ ಭಾರತದ ಕಡೆ ಹೊರಟಿದ್ದ ಪುಟ್ಟ ಹಡಗು. ಅದಕ್ಕೆ 4 ಇಂಚಿನ ತೋಪು ಸಿಗದೆ 12 ಪೌಂಡಿನ ಒಂದೇ ತೋಪು ಕೂರಿಸಿದ್ದರು. 1942ರ ನವೆಂಬರ್ 11ರಂದು ಒಂಡಿನಾ ಎಂಬ ಡಚ್ ಎಣ್ಣೆ ಹಡಗಿನ ಜೊತೆ ಕೊಕೋಸ್ ದ್ವೀಪಗಳಾಚೆ ಹೋಗುತ್ತಿದ್ದಾಗ ಜಪಾನಿಯರ ಹೊಕೊಕು ಮಾರು, ಐಕೊಕು ಮಾರು ಎಂಬ ಎರಡು ದೊಡ್ಡ ದಾಳಿ ಹಡಗುಗಳು ಎದುರಾದವು. ಹೊಕೊಕು ಮಾರು ಹತ್ತು ಸಾವಿರ ಟನ್ನು ದಾಟಿದ್ದು, 14 ಸೆಂ.ಮೀ. ತೋಪುಗಳುಳ್ಳದ್ದು. ಬೆಂಗಾಲಿನ ನಾಯಕ ವಿಲ್ಸನ್ ಓಡಲಿಲ್ಲ. ಒಂಡಿನಾ ಪಾರಾಗಲೆಂದು ನೇರ ಶತ್ರುವಿನತ್ತ ಹಡಗು ತಿರುಗಿಸಿದ. ಒಂಡಿನಾದ್ದೋ ಬೆಂಗಾಲಿನದ್ದೋ ಗುಂಡೊಂದು ತಾಗಿ ಹೊಕೊಕು ಮಾರುವಿಗೆ ಬೆಂಕಿ ಹತ್ತಿತು, ಅದು ಸಿಡಿದು ಮುಳುಗಿತು. ಯಾರ ಗುಂಡೆಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಬೆಂಗಾಲ್ ಗಾಯಗೊಂಡೂ ದಿಯೆಗೊ ಗಾರ್ಸಿಯಾ ತಲುಪಿತು. ನಾಯಕನನ್ನು ಕಳೆದುಕೊಂಡ ಒಂಡಿನಾ ಕೂಡ ಬದುಕಿತು. ಭಾರತದ ಶಾಲಾ ಪುಸ್ತಕಗಳಲ್ಲಿ ಈ ಕದನಕ್ಕೆ ಒಂದು ಪುಟ ಇರಬೇಕು.

ತರಬೇತಿಯ ಕಥೆ ಹೇಳುವಾಗ 1946ನ್ನು ಬಿಡಲಾಗದು. ಆ ಫೆಬ್ರುವರಿ 18ರಂದು ಮುಂಬೈಯಲ್ಲಿ ನೌಕಾ ದಂಗೆ ಎದ್ದದ್ದು ತಲ್ವಾರ್ ಎಂಬಲ್ಲಿ. ತಲ್ವಾರ್ ಹಡಗಲ್ಲ, ಸಿಗ್ನಲ್ ಕಲಿಸುವ ಶಾಲೆ. ಕರಾಚಿಯ ಮನೋರಾದಲ್ಲಿ ದಂಗೆಗೆ ಸೇರಿದ್ದು ಹಿಮಾಲಯ, ಬಹಾದುರ್. ಮೊದಲನೆಯದು ತೋಪು ಹಾರಿಸುವುದನ್ನು ಕಲಿಸುವ ಶಾಲೆ, ಎರಡನೆಯದು ಹುಡುಗರ ತರಬೇತಿ ಶಾಲೆ. ಕರಾಚಿಯಲ್ಲಿದ್ದ ಹಿಂದುಸ್ತಾನ್ ಎಂಬ ನೌಕೆ ಬ್ರಿಟಿಷರ ಫಿರಂಗಿಗಳಿಗೆ ಎದುರಾಗಿ ಗುಂಡು ಹಾರಿಸಿತು. ಅರಕಾನಿನಲ್ಲಿ ದುಡಿದ ನರ್ಬದಾ, ಜಮ್ನಾ ಮುಂಬೈಯ ದಂಗೆಯಲ್ಲಿದ್ದವು. ಕೆಟ್ಟ ಊಟ, ಕಡಿಮೆ ಸಂಬಳ, ಬಣ್ಣದ ಅವಮಾನ ಇದಕ್ಕೆಲ್ಲ ಕಾರಣ. ಹಳೆಯ ತೋಪು ಕೊಟ್ಟು ಮುಂದೆ ನಿಲ್ಲಿಸಿದ ನೋವೂ ಆ ಮನಸ್ಸುಗಳಲ್ಲಿ ಇದ್ದೇ ಇರಬೇಕೆಂದು ನಾನು ನಂಬುತ್ತೇನೆ. ಇಂದು ನಮ್ಮ ನೌಕಾಪಡೆಯ ತೋಪು ಕಲಿಸುವ ಶಾಲೆ ಕೊಚ್ಚಿಯಲ್ಲಿದೆ, ಹೆಸರು ಐಎನ್‌ಎಸ್ ದ್ರೋಣಾಚಾರ್ಯ. ಕಾರವಾರದ ಕಡಲತೀರಕ್ಕೆ ಪ್ರವಾಸ ಹೋಗುವ ಮಕ್ಕಳು ಅಲ್ಲಿ ನಿಲ್ಲಿಸಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಹತ್ತಿ ಅದರ 30 ಮಿ.ಮೀ. ತೋಪನ್ನು ಹತ್ತಿರದಿಂದ ನೋಡಿ ಬರಲಿ.

ಈಗ ಬೀದರಿಗೆ ಬರೋಣ. ಬರುವ ಮೊದಲು ಇರಾಕಿನ ಹಬ್ಬಾನಿಯಾದಲ್ಲಿ ಒಂದು ಗಳಿಗೆ ನಿಲ್ಲಬೇಕು. 1941ರಲ್ಲಿ ಅಲ್ಲಿ ಬ್ರಿಟಿಷ್ ವಾಯುಪಡೆಯ 4ನೇ ನಂಬರಿನ ವಿಮಾನ ತರಬೇತಿ ಶಾಲೆಯಿತ್ತು. ಏಪ್ರಿಲ್ ಕೊನೆಗೆ ಬ್ರಿಟಿಷರ ವಿರುದ್ಧ ತಿರುಗಿದ ಇರಾಕಿನ ಸೇನೆ ಎದುರಿನ ದಿಬ್ಬ ಏರಿ ತೋಪು ಹೂಡಿತು. ಶಾಲೆಯಲ್ಲಿ ಇದ್ದವರು ಶಿಕ್ಷಕರು, ಅರ್ಧ ಕಲಿತ ಹುಡುಗರು. ಇದ್ದದ್ದು ಪಾಠದ ವಿಮಾನಗಳು. ಹೊಗೆ ಉಗುಳುವ ಅಭ್ಯಾಸದ ಬಾಂಬು ಮಾತ್ರ ಹೊರುತ್ತಿದ್ದ ಆಕ್ಸ್‌ಫರ್ಡ್ ವಿಮಾನಗಳಿಗೆ ಅಲ್ಲಿಯ ಕಾರ್ಯಾಗಾರದಲ್ಲೇ ಕೊಕ್ಕೆ ಬದಲಿಸಿ 20 ಪೌಂಡಿನ ನಿಜವಾದ ಬಾಂಬು ತೂಗುಹಾಕಿದರು. ಹಳೆಯ ಆಡಾಕ್ಸ್ ವಿಮಾನಗಳಿಗೆ 250 ಪೌಂಡಿನವನ್ನು ಕಟ್ಟಿದರು. ಶೋಭೆಗೆಂದು ಅಂಗಳದಲ್ಲಿ ಇಟ್ಟಿದ್ದ ಮೊದಲ ಮಹಾಯುದ್ಧದ ಎರಡು ಹೊವಿಟ್ಜರ್ ತೋಪುಗಳನ್ನು ಕೂಡ ರಿಪೇರಿ ಮಾಡಿ ಹೂಡಿದರು. ಮೇ 2ರಿಂದ ಬಾಂಬು ಹಾಕಲು ಶುರುಮಾಡಿ 6ರ ಹೊತ್ತಿಗೆ ದಿಬ್ಬ ಖಾಲಿ ಮಾಡಿಸಿದರು.  ಹಬ್ಬಾನಿಯಾ ಗೆದ್ದಿತು, ನಿಜ. ಆದರೆ ಕಲಿಯಲು ಬಂದ ಹುಡುಗರೂ ಕಲಿಸಬೇಕಾದ ಶಿಕ್ಷಕರೂ ಸತ್ತರು. ಇಂಥ ಗೆಲುವನ್ನು ಹೊಗಳುವ ಪುಸ್ತಕಗಳನ್ನು ಓದುವಾಗ ನನಗೆ ಕಾಡುವುದು ಒಂದೇ ಪ್ರಶ್ನೆ: ಈ ಕೊಕ್ಕೆಗಳನ್ನು ಒಂದು ವರ್ಷ ಮೊದಲೇ ಏಕೆ ಮಾಡಿಡಲಿಲ್ಲ?

ಬೀದರಿನಲ್ಲಿ ಪ್ರಾಥಮಿಕ ವಿಮಾನ ತರಬೇತಿ ಶಾಲೆ ಶುರುವಾದದ್ದು 1963ರಲ್ಲಿ. ವಿ.ಎಂ. ಘಾಟಗೆಯವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2 ಆ ಶಾಲೆಯ ವಿಮಾನ. ಅದರಲ್ಲಿ ಆಯುಧವಿರಲಿಲ್ಲ. ಅನಂತರ ಬಂದದ್ದು ಕಿರಣ್ ಜೆಟ್, 1964ರಲ್ಲಿ ಮೊದಲು ಹಾರಿದ್ದು. ಅದರ ಎರಡನೇ ಮಾದರಿ 1976ರಲ್ಲಿ ಹಾರಿತು. ಅದಕ್ಕೆ ಎರಡು 7.62 ಮಿ.ಮೀ. ಗನ್ನು, ರೆಕ್ಕೆಯ ಕೆಳಗೆ ಬಾಂಬು, ರಾಕೆಟ್ಟು ತೂಗುಹಾಕಲು ನಾಲ್ಕು ಜಾಗ. ಎಂಜಿನ್ನು ಆರ್ಫಿಯಸ್, ನ್ಯಾಟ್ ಫೈಟರಿನಲ್ಲಿ ದುಡಿದ ಎಂಜಿನ್ನಿನ ಬಳಗದ್ದು. ಇದನ್ನು ನೋಡಿದರೆ ಹಾಚ್‌ಕಿಸ್ ನೆನಪಾಗದಿರುವುದಿಲ್ಲ: ಯುದ್ಧದ ಭಾಗ ಪಾಠಕ್ಕೆ ಬಂದಿದೆ, ಪಾಠದ ವಿಮಾನ ಬೇಕಾದರೆ ಯುದ್ಧಕ್ಕೂ ಹೋಗಬಲ್ಲದು. 1996ರಲ್ಲಿ ಬೀದರಿನಲ್ಲೇ ಹುಟ್ಟಿದ ಸೂರ್ಯ ಕಿರಣ ಎಂಬ ವಿಮಾನ ಕಸರತ್ತಿನ ತಂಡ ಹಾರಿಸಿದ್ದು ಈ ಮಾದರಿಯನ್ನೇ. 2008ರ ಫೆಬ್ರುವರಿಯಲ್ಲಿ ಬೀದರಿಗೆ ಹಾಕ್ ಬಂತು. ಹೊಟ್ಟೆಯ ಕೆಳಗೆ 30 ಮಿ.ಮೀ. ಏಡನ್ ತೋಪು ಕಟ್ಟಿಕೊಳ್ಳಬಲ್ಲ ವಿಮಾನ ಅದು.

ಇಂದು ತರಬೇತಿಯ ದೊಡ್ಡ ಪಾಲು ಸಿಮ್ಯುಲೇಟರಿನಲ್ಲಿ ನಡೆಯುತ್ತದೆ. ನೆಲದ ಮೇಲಿನ ಕೋಣೆ, ಪರದೆಯ ಮೇಲೆ ಆಕಾಶ. ತೋಪಿನ ಸವೆತವಿಲ್ಲ, ಇಂಧನದ ಖರ್ಚಿಲ್ಲ, ಹುಡುಗನ ಪ್ರಾಣಕ್ಕೆ ಅಪಾಯವಿಲ್ಲ. ಈ ಮೂರನೆಯ ಕಾರಣಕ್ಕಾಗಿಯೇ ನಾನು ಅದನ್ನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಎಲ್ಲವನ್ನೂ ಪರದೆಗೆ ಒಪ್ಪಿಸಬಾರದು ಎಂಬುದೂ ನನ್ನ ಗಟ್ಟಿ ಅಭಿಪ್ರಾಯ. ಪರದೆಯನ್ನು ಕಿತ್ತು ಲಾಂಚಿನ ಮೇಲೆ ಕೂರಿಸಲು ಬರುವುದಿಲ್ಲ. ಸಬ್ ಕ್ಯಾಲಿಬರ್ ತೋಪು ಎರಡು ಮಹಾಯುದ್ಧಗಳಲ್ಲಿ ಕೆಲಸಕ್ಕೆ ಬಂದದ್ದು ಅದು ಕಲಿಸುವಾಗಲೂ ನಿಜವಾದ ಬೆಂಕಿ ಉಗುಳುವ ನಿಜವಾದ ತೋಪಾಗಿ ಉಳಿದಿದ್ದರಿಂದ. ನಮ್ಮ ಭೂಸೇನೆಯ 84 ಮಿ.ಮೀ. ಕಾರ್ಲ್ ಗುಸ್ತಾಫ್ ಲಾಂಚರಿನೊಳಗೆ 7.62 ಮಿ.ಮೀ.ನ ಅಭ್ಯಾಸದ ನಳಿಗೆ ಹಾಕಿ ಹಾರಿಸುವ ಪದ್ಧತಿಯೂ ಇದೇ ವಂಶದ್ದು, ಅದು ಮುಂದುವರಿಯಬೇಕು.

ಎಚ್‌ಎಎಲ್ ಹಾಕ್-ಐ ಎಂಬ ಸುಧಾರಿತ ಹಾಕ್ ವಿಮಾನವನ್ನು ಸಿದ್ಧಪಡಿಸಿತು. 2020ರ ಜನವರಿಯಲ್ಲಿ ಒಡಿಶಾದ ಕರಾವಳಿಯಾಚೆ ಅದರಿಂದ ಡಿಆರ್‌ಡಿಒದ ಸ್ಮಾರ್ಟ್ ಬಾಂಬೊಂದನ್ನು, ಶತ್ರುವಿನ ರನ್‌ವೇ ಒಡೆಯುವಂಥದ್ದನ್ನು, ಪರೀಕ್ಷೆಗಾಗಿ ಹಾರಿಸಿದರು. ಬಾಂಬು ಸುಮಾರು 125 ಕೆ.ಜಿ. ತೂಕದ ವರ್ಗದ್ದು. ಬೀದರಿನ ಹುಡುಗರು ಪಾಠ ಕಲಿಯುವ ಜಾತಿಯ ವಿಮಾನ, ಬೆಂಗಳೂರಿನ ಎಂಜಿನಿಯರರ ಕೈಯಲ್ಲಿ, ಯಾವ ಮುತ್ತಿಗೆಯೂ ಇಲ್ಲದ ದಿನ, ಯುದ್ಧದ ಕೆಲಸಕ್ಕೆ ಒಗ್ಗಿತು. ಹಬ್ಬಾನಿಯಾದಲ್ಲಿ ತೋಪಿನ ಗುಂಡು ಬೀಳುತ್ತಿರುವಾಗ ಮಾಡಿದ ಕೆಲಸವನ್ನು ಇಲ್ಲಿ ಶಾಂತಿಕಾಲದಲ್ಲಿ, ಅಳೆದು ತೂಗಿ, ಪರೀಕ್ಷಿಸಿ ಮಾಡಿದ್ದಾರೆ. ಈ ಸಭೆಯಲ್ಲಿರುವ ಮಕ್ಕಳಲ್ಲಿ ಗಣಿತ, ವಿಜ್ಞಾನ ಓದುತ್ತಿರುವವರು ಇಂಥ ಕೆಲಸ ನಮ್ಮದೇ ರಾಜ್ಯದಲ್ಲಿ ನಡೆಯುತ್ತಿದೆ ಎಂಬುದನ್ನು ತಿಳಿದಿರಲಿ; ಅದಕ್ಕೆ ಸೇರಲು ಭಾಲ್ಕಿಯ ಕಾಲೇಜಿನಿಂದಲೂ ದಾರಿಯಿದೆ.